ಮಾತು ದಾಟಿಸಿದ ವರ್ಷ

ಇಂಚರ, ಹೋದ ಭಾನುವಾರ ನೀನು ಬಾಲ್ಕನಿಯಲ್ಲಿ ಕೂತು ಉಗುರಿನ ಹಳೇ ಬಣ್ಣ ತೆಗೆಯುತ್ತಿದ್ದೆ. ಮಾರನೇ ದಿನ ಗೆಳತಿಯ ಹುಟ್ಟುಹಬ್ಬ ಅಂತ. ಪುಟ್ಟ ಬಾಟ್ಲಿಯಿಂದ ಅದೇನನ್ನೋ ಹತ್ತಿಗೆ ಹಾಕಿಕೊಂಡು ಒಂದೊಂದೇ ಬೆರಳು ಉಜ್ಜುತ್ತಿದ್ದೆ. ನಾನು ಒಳಗೆ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಗಾಳಿ ಮನೆಯೊಳಕ್ಕೆ ತಿರುಗಿತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕೈ ನಿಂತುಹೋಯಿತು. ಎದ್ದು ಅಡುಗೆಮನೆಗೆ ಹೋದೆ. ಅಲ್ಲೇನೂ ಕೆಲಸವಿರಲಿಲ್ಲ. ವಾಪಸ್ ಬಂದೆ, ಮತ್ತೆ ಹೋದೆ. ಏನು ಹುಡುಕ್ತಿದೀಯ ಅಜ್ಜಿ ಅಂತ ನೀನು ಕೇಳಿದೆ. ಏನಿಲ್ಲ ಅಂದೆ.

ಅವತ್ತೇ ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪ ನಿಮ್ಮಮ್ಮನಿಗೆ ಹೇಳಿದ, "ಅವನಿಗೆ ಹೇಳು ಕಾವ್ಯಾ, ಫೋನು ಪಕ್ಕಕ್ಕಿಟ್ಟು ಊಟ ಮಾಡೋಕೆ." ಚಿರು, ನೀನು ಅವನ ಮೊಣಕೈಗೆ ತಾಗುವ ಹಾಗೆ ಕೂತಿದ್ದೆ. ನೀನು ಟ್ಯೂಷನ್ನಿಗೆ ಅಂತ ಹೋಗಿ ಇನ್ನೆಲ್ಲೋ ಸುತ್ತಿಕೊಂಡು ಬಂದದ್ದು ಗೊತ್ತಾದಾಗಿನಿಂದ ಅವನು ನಿನ್ನ ಜೊತೆ ನೇರ ಮಾತಾಡಿರಲಿಲ್ಲ. ನಿಮ್ಮಮ್ಮ ನಿನ್ನ ಕಡೆ ತಿರುಗಿ, "ಊಟ ಮಾಡು ಕಂದ, ಅಪ್ಪ ಹೇಳ್ತಿದಾರೆ" ಅಂದಳು. ಫೋನಿನ ಮಾತನ್ನು ಬಿಟ್ಟೇ ಬಿಟ್ಟಳು. ಹಾಗೆ ಮಾತನ್ನು ಸೋಸಿ ದಾಟಿಸುವ ಕೆಲಸವನ್ನು ನಾನೂ ಒಂದು ವರ್ಷ ತಿಂಗಳುಗಟ್ಟಲೆ ಮಾಡಿದ್ದೆ.

ನಾನು ಮಾತು ಕಡಿಮೆಯವಳು, ನಿಮಗೆ ಗೊತ್ತು. ಕುಣಿಗಲ್ ಕಡೆಯ ನಮ್ಮೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರ ಎದುರು ಹೇಳಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಬರೆದರೆ ಹೇಗೋ ಕೊನೆ ಮುಟ್ಟುತ್ತೇನೆ. ಬರೆಯುವ ಮುಂಚೆ ನಿಮ್ಮಪ್ಪನನ್ನು ಕೇಳಿದೆ. ಅವನು ಬೂಟಿನ ದಾರ ಕಟ್ಟುತ್ತಿದ್ದವನು ತಲೆ ಎತ್ತದೆ, "ಬರಿ ಅಮ್ಮ. ಆದ್ರೆ ನನ್ನ ಒಳ್ಳೇವ್ನು ಮಾಡೋಕೆ ಹೋಗ್ಬೇಡ" ಅಂದ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾವು ಬೆಂಗಳೂರಿನ ಮೂಡಲಪಾಳ್ಯದ ಒಂದು ವಠಾರದಲ್ಲಿದ್ದೆವು. ಕೆಳಗೆ ಮೂರು ಬಾಡಿಗೆ ಮನೆ, ಮೇಲೆ ಓನರ್ ಗೌರಮ್ಮನವರ ಮನೆ. ಮೂಡಲಪಾಳ್ಯ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅವರು ಅಲ್ಲಿಯವರೇ. ಅವರ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಅದರಲ್ಲೊಂದರಲ್ಲಿ ನಾವಿದ್ದೆವು. ನಿಮ್ಮ ತಾತ ಸಿಟಿ ಬಸ್ಸಿನ ಕಂಡಕ್ಟರ್. ನಾನು ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಹಾಕುತ್ತಿದ್ದೆ. ವಿಜಯನಗರದ ಅಂಗಡಿಯೊಂದರಿಂದ ಸೀರೆ ತಂದು ಕೊಡುತ್ತಿದ್ದರು. ಕಿಟಕಿಯ ಕೆಳಗೆ ಕೂತು ಸೆರಗಿನ ಎಳೆ ಬಿಡಿಸಿ, ಹೊಸೆದು, ಗಂಟು ಹಾಕುವುದು. ಯಾರ ಜೊತೆಗೂ ಮಾತಾಡದೆ ಮಾಡಬಹುದಾದ ಕೆಲಸ, ನನಗೆ ಹೇಳಿ ಮಾಡಿಸಿದ ಹಾಗಿತ್ತು.

ನಿಮ್ಮಪ್ಪ ಶಿವು ಆ ವರ್ಷ ಫಸ್ಟ್ ಪಿಯುಸಿ. ಹತ್ತನೇ ಕ್ಲಾಸಿನವರೆಗೆ ವಠಾರದ ಬಾಗಿಲಲ್ಲೇ ಆಡಿಕೊಂಡಿದ್ದ ಹುಡುಗ ಇದ್ದಕ್ಕಿದ್ದ ಹಾಗೆ ಉದ್ದವಾಗಿ, ಗಂಟಲು ಒಡೆದು, ಕಾಲೇಜಿಗೆ ಬಸ್ ಪಾಸ್ ಹಿಡಿದು ಓಡಾಡತೊಡಗಿದ. ಜೊತೆಗೆ ಗೌರಮ್ಮನವರ ಮಗ ಮಹೇಶ. ಮಹೇಶನಿಗೆ ಮನೆಯಲ್ಲಿ ಯಾವುದಕ್ಕೂ ಇಲ್ಲ ಅನ್ನುವುದಿರಲಿಲ್ಲ. ಲೈಸೆನ್ಸು ಬರುವ ಮೊದಲೇ ಬೈಕು ಬಂದಿತ್ತು. ಎಲ್ಲಿಗೆ ಹೋಗ್ತೀಯ ಅಂತ ಕೇಳುವವರಿರಲಿಲ್ಲ. ಹುಡುಗರು ಅಂದಮೇಲೆ ಹೋಗ್ತಾರೆ ಬರ್ತಾರೆ ಅಂತ ಅವರಪ್ಪ ನಗುತ್ತಿದ್ದರು.

ನಮ್ಮ ಮನೆ ಹಾಗಿರಲಿಲ್ಲ. ನಿಮ್ಮ ತಾತ ಹುಡುಗರಾಗಿದ್ದಾಗ ಅವರಪ್ಪ ಎತ್ತು ಹೊಡೆಯುವ ಬಾರುಕೋಲಿನಲ್ಲೇ ಮಕ್ಕಳನ್ನೂ ಹೊಡೆದಿದ್ದವರು. ಆ ಗುರುತು ತಾತನ ಬೆನ್ನ ಮೇಲೆ ಕೊನೆಯವರೆಗೂ ಇತ್ತು. ನನ್ನ ಮಗನ ಮೇಲೆ ಕೈ ಎತ್ತಲ್ಲ ಅಂತ ಅವರು ನಿಮ್ಮಪ್ಪ ಹುಟ್ಟಿದ ದಿನವೇ ಅಂದುಕೊಂಡಿದ್ದರು, ಹೊಡೆಯಲೂ ಇಲ್ಲ. ಕೋಪ ಬಂದರೆ ಮಾತು ಬಿಡುತ್ತಿದ್ದರು, ಅಷ್ಟೇ. ಚಿಕ್ಕವನಿದ್ದಾಗ ಒಂದು ಹೊತ್ತು, ಎರಡು ಹೊತ್ತು. ಹುಡುಗ ಸುತ್ತ ಸುತ್ತ ಬಂದು, ಅತ್ತು, ತಪ್ಪಾಯ್ತು ಅಂದರೆ ಮುಗಿಯುತ್ತಿತ್ತು. ಹೊಡೆಯದೆ ಬೆಳೆಸುತ್ತಿದ್ದೇನೆ ಅಂತ ಅವರಿಗೆ ಒಂದು ಹೆಮ್ಮೆ. ನನಗೂ ಇತ್ತು. ಪಕ್ಕದ ಮನೆಗಳಲ್ಲಿ ಬೆಲ್ಟಿನ ಸದ್ದು ಕೇಳುತ್ತಿದ್ದ ಕಾಲ ಅದು.

ಮಳೆಗಾಲ ಶುರುವಾಗಿ ಸ್ವಲ್ಪ ದಿನಕ್ಕೆ ಒಂದು ಸುದ್ದಿ ಬಸ್ಸಿನಿಂದ ಬಸ್ಸಿಗೆ ದಾಟಿ ಡಿಪೋ ಸೇರಿತು. ಕಂಡಕ್ಟರುಗಳಿಗೆ ಊರಿನ ಎಲ್ಲ ಹುಡುಗರೂ ಕಣ್ಣಿಗೆ ಬೀಳುತ್ತಾರೆ. ನಿಮ್ಮ ತಾತನ ಜೊತೆಯವರೊಬ್ಬರು, ನಿಮ್ಮ ಶಿವು ಕಾಲೇಜ್ ಟೈಮಲ್ಲಿ ಮೆಜೆಸ್ಟಿಕ್ಕಲ್ಲಿ ಥಿಯೇಟರ್ ಮುಂದೆ ನಿಂತಿದ್ನಲ್ಲ, ರಜಾನಾ ಅಂತ ಕೇಳಿದರಂತೆ. ಟೀ ಕುಡಿಯುತ್ತಿದ್ದ ಹತ್ತು ಜನರ ಮುಂದೆ. ನಿಮ್ಮ ತಾತ ಮನೆಗೆ ಬಂದು ಚರ್ಮದ ಚೀಲ ಮೊಳೆಗೆ ತಗುಲಿಸಿ, ಕೈಕಾಲು ತೊಳೆದು, ಒರೆಸಿಕೊಳ್ಳುತ್ತಾ ಹೇಳಿದರು, "ಇವತ್ತಿಂದ ಅವನ ಹತ್ರ ನಾನು ಮಾತಾಡಲ್ಲ. ಏನಿದ್ರೂ ನೀನೇ ಹೇಳು."

ಶಿವು ಅಲ್ಲೇ ಇದ್ದ. ಹಿಂದಿನ ಹಾಗೆ ಸುತ್ತ ಸುತ್ತ ಬರಲಿಲ್ಲ. ಹದಿನೇಳು ವರ್ಷದ ಹುಡುಗ ಅಪ್ಪನ ಮುಂದೆ ಅಳುವುದು ಹೇಗೆ? ತಟ್ಟೆ ತೊಳೆದಿಟ್ಟು ಹೊರಗೆ ಹೋದ. ಅವರು ಹುಡುಗ ಬಂದು ಕೇಳಲಿ ಅಂತ ಕಾದರು. ಹುಡುಗ ಅಪ್ಪ ಕರೆಯಲಿ ಅಂತ ಕಾದ. ಆಷಾಢ ಹೋಯಿತು, ಶ್ರಾವಣ ಹೋಯಿತು, ಗಣೇಶನನ್ನು ತಂದು ಕೂರಿಸಿ ನೀರಿಗೂ ಬಿಟ್ಟೆವು. ಇಬ್ಬರೂ ಒಟ್ಟಿಗೇ ಹೋಗಿ ಒಟ್ಟಿಗೇ ಬಂದರು, ಒಂದು ಮಾತಿಲ್ಲದೆ.

ನಡುವೆ ನಾನು. "ಆ ದಂಡಪಿಂಡಕ್ಕೆ ಹೇಳು, ಒಂಬತ್ತರೊಳಗೆ ಮನೇಲಿರ್ಬೇಕು ಅಂತ" ಅಂತ ಅವರು ಹೇಳಿದರೆ, ನಾನು ಆರಡಿ ಆಚೆ ಕೂತಿದ್ದವನ ಹತ್ತಿರ ಹೋಗಿ, "ಬೇಗ ಬಂದ್ಬಿಡೋ, ಅಪ್ಪ ಕಾಯ್ತಾರೆ" ಅನ್ನುತ್ತಿದ್ದೆ. ಅವನು, "ಇದೇನು ಮನೆನಾ ಜೈಲಾ ಅಂತ ಕೇಳು" ಅಂದರೆ, ನಾನು ಇವರ ಹತ್ತಿರ ಬಂದು, "ಆಯ್ತಂತೆ" ಅನ್ನುತ್ತಿದ್ದೆ. ಇಬ್ಬರಿಗೂ ಇನ್ನೊಬ್ಬರು ಅಂದದ್ದು ಕಿವಿಗೇ ಬಿದ್ದಿರುತ್ತಿತ್ತು. ಆದರೂ ನನ್ನ ಬಾಯಿಂದ ಬರುವವರೆಗೆ ಕಾಯುತ್ತಿದ್ದರು. ಕಲ್ಲು ಆರಿಸಿ ಅಕ್ಕಿ ಹಾಕುವ ಹಾಗೆ ನಾನು ಮಾತು ಆರಿಸಿ ಹಾಕುತ್ತಿದ್ದೆ. ಜಗಳವಾಗದ ಹಾಗೆ ನೋಡಿಕೊಂಡೆ ಅಂತ ಸಮಾಧಾನ. ಆದರೆ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕುಚ್ಚಿನ ದಾರ ಎಷ್ಟು ಸಲ ಸಿಕ್ಕಾಗುತ್ತಿತ್ತೋ. ಬಸ್ಸಿನ ಸದ್ದು ಕೇಳಿದರೆ ಗೇಟಿಗೆ ಹೋಗುವುದು, ಬೈಕಿನ ಸದ್ದು ಕೇಳಿದರೆ ಗೇಟಿಗೆ ಹೋಗುವುದು. ಇಬ್ಬರೂ ಒಳಗಿದ್ದರೆ ಅದಕ್ಕಿಂತ ಕಷ್ಟ. ಮನೆ ಅಷ್ಟು ಚಿಕ್ಕದು, ಗೋಡೆ ಗಡಿಯಾರದ ಸದ್ದು ಮೂವರಿಗೂ ಕೇಳುತ್ತಿತ್ತು.

ದಿನವಿಡೀ ಬಸ್ಸಿನಲ್ಲಿ ನಿಮ್ಮ ತಾತನ ಗಂಟಲು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಮುಂದೆ ಹೋಗಿ, ಒಳಗೆ ಬನ್ನಿ, ಪಾಸ್ ಪಾಸ್, ಯಾರ್ರೀ ಟಿಕೆಟ್, ಅಮ್ಮ ಮಗು ಹಿಡ್ಕೊಳಿ. ಸಾವಿರ ಜನರ ಜೊತೆ ಮಾತಾಡಿ ಬಂದು ಹೆತ್ತ ಮಗನೆದುರು ಬಾಯಿ ಹೊಲಿದುಕೊಂಡು ಕೂರುತ್ತಿದ್ದರು. ಒಂದು ಸಾಯಂಕಾಲ ಶಿವು ಕಾಲೇಜಿಂದ ಬಂದವನೇ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಬಸ್ಸು ಬಂತು ಅಂತ ಓಡಿ ಹತ್ತಿದರೆ ಅದು ಅಪ್ಪನ ಬಸ್ಸಂತೆ. ಇಳಿಯೋಣ ಅಂದರೆ ಬಿಟ್ಟಾಗಿತ್ತಂತೆ. ಅವರು ಒಬ್ಬೊಬ್ಬರನ್ನೇ ಕೇಳುತ್ತಾ ಇವನ ಹತ್ತಿರಕ್ಕೂ ಬಂದು ಕೈ ಚಾಚಿದರಂತೆ.

"ಅಪ್ಪ ನನ್ನ ಮಾತಾಡ್ಸಿದ್ರು ಕಣಮ್ಮ" ಅಂದ. "ಪಾಸ್ ತೋರ್ಸಿ ಅಂದ್ರು. ತೋರ್ಸು ಅಲ್ಲ, ತೋರ್ಸಿ. ನಂಗೆ ಬಹುವಚನ."

ಅದನ್ನು ಹೇಳಿ ನಗುತ್ತಾ ನಗುತ್ತಾ ಮುಖ ತೊಳೆಯಲು ಹೋದವನು ತುಂಬ ಹೊತ್ತು ಬಚ್ಚಲಿಂದ ಬರಲಿಲ್ಲ. ಅವತ್ತು ಅವರು ಬಂದಮೇಲೆ ನಾನು ಕೇಳಿದೆ, ಶಿವು ನಿಮ್ಮ ಬಸ್ಸಲ್ಲಿ ಬಂದ್ನಂತೆ? ಅವರು, ಹೂಂ, ಪಾಸಿತ್ತು ಅಂದರು. ಆಮೇಲೆ ತಟ್ಟೆ ನೋಡುತ್ತಾ, ಅವನಿಗೆ ಹೇಳು, ಫುಟ್‌ಬೋರ್ಡಲ್ಲಿ ನಿಲ್ಲೋದು ಬೇಡ ಅಂತ, ಅಂದರು. ಆ ಒಂದು ಮಾತನ್ನು ನಾನು ಏನೂ ತೆಗೆಯದೆ ಹಾಗೇ ದಾಟಿಸಿದೆ.

ಮಹಾನವಮಿ ಹೊತ್ತಿಗೆ ಅವನು ವೈಟ್ನರಿಗೆ ಅಂತ ದುಡ್ಡು ಕೇಳಲು ಶುರುಮಾಡಿದ. ಬರೆದದ್ದು ತಪ್ಪಾದರೆ ಅದರ ಮೇಲೆ ಹಚ್ಚಿ, ಒಣಗಿದ ಮೇಲೆ ಮತ್ತೆ ಬರೆಯಬಹುದು ಅಂತ ನನಗೆ ತೋರಿಸಿಯೂ ಕೊಟ್ಟ. ಎರಡು ಪುಟ್ಟ ಬಾಟ್ಲಿ, ಒಂದರಲ್ಲಿ ಬಿಳಿ ಬಣ್ಣ, ಇನ್ನೊಂದರಲ್ಲಿ ಅದನ್ನು ತೆಳ್ಳಗೆ ಮಾಡುವ ನೀರು. ನಮ್ಮೂರ ಶಾಲೆಯಲ್ಲಿ ಸ್ಲೇಟಿಗೆ ಉಗುಳು ಹಚ್ಚಿ ಒರೆಸಿ ಕಲಿತವಳು ನಾನು. ಪೇಪರಿನ ಮೇಲಿನ ತಪ್ಪನ್ನೂ ಅಳಿಸಬಹುದು ಅನ್ನುವುದು ನನಗೆ ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಅವನು ಕೇಳಿದಾಗಲೆಲ್ಲ ಇಲ್ಲ ಅನ್ನಲಿಲ್ಲ. ಬೇಗ ಬೇಗ ಖಾಲಿಯಾಗುತ್ತಿತ್ತು. ಎಷ್ಟು ಬರೀತಿದಾನೋ ಹುಡುಗ ಅಂದುಕೊಂಡೆ. ಕರ್ಚೀಫುಗಳಲ್ಲಿ ಬಿಳೀ ಕಲೆ ಕಟ್ಟಿರುತ್ತಿದ್ದವು, ಉಜ್ಜಿ ಉಜ್ಜಿ ಒಗೆದೆ. ಅಂಗಡಿಗೆ ಹೋಗಲು ನಾಚುತ್ತಿದ್ದ ನಾನೇ ಒಂದು ದಿನ ಸ್ಟೇಷನರಿ ಅಂಗಡಿಯವರ ಹತ್ತಿರ ಹೋಗಿ, ನನ್ನ ಮಗನಿಗೆ ಓದೋಕೆ ಬೇಕು, ಬಿಳೀ ಇಂಕು ಕೊಡಿ ಅಂತ ಕೇಳಿ ತಂದು ಅವನ ಪುಸ್ತಕದ ಪಕ್ಕ ಇಟ್ಟೆ. ಅವನು ಅದನ್ನು ನೋಡಿದ, ನನ್ನ ನೋಡಿದ. "ನೀನ್ಯಾಕಮ್ಮ ತರೋಕ್ ಹೋದೆ" ಅಂದ. ಧ್ವನಿ ಒಂಥರಾ ಇತ್ತು. ನನಗೆ ಕಷ್ಟವಾಯಿತು ಅಂತ ಹಾಗಂದ ಅಂದುಕೊಂಡೆ.

ದೀಪಾವಳಿ ಆದ ವಾರ. ಮಧ್ಯಾಹ್ನ ಒಣಗಿದ ಬಟ್ಟೆ ತರಲು ಮೇಲಿನ ತಾರಸಿಗೆ ಹೋದರೆ ಶಿವು ನೀರಿನ ಟ್ಯಾಂಕಿನ ನೆರಳಿನಲ್ಲಿ ಒಬ್ಬನೇ ಕೂತಿದ್ದ. ಕಾಲೇಜಿಲ್ವೇನೋ ಅಂದೆ. ಬಾಮ್ಮ ಕೂತ್ಕೋ ಅಂತ ಕೈ ಹಿಡಿದು ಕೂರಿಸಿಕೊಂಡ. ಆಮೇಲೆ ಮಾತಾಡಿದ. ಎಷ್ಟು ಮಾತು ಅಂತೀರಿ. ಕಾಲೇಜಿನ ಮೇಷ್ಟರು ನಡೆಯುವ ರೀತಿ, ಮಹೇಶನ ಬೈಕು, ನಮ್ಮೂರಿನ ಕೆರೆ, ತಾನು ಚಿಕ್ಕವನಿದ್ದಾಗ ಅಪ್ಪನ ವಿಷಲ್ ಊದಿ ಪಕ್ಕದ ಬೀದಿಯ ಆಟೋ ನಿಲ್ಲಿಸಿದ್ದು. ಒಂದಕ್ಕೊಂದು ಸೇರುತ್ತಿರಲಿಲ್ಲ, ಆದರೂ ನಾನು ನಕ್ಕೆ, ಅವನೂ ನಕ್ಕ. ನಾಲಿಗೆ ಸ್ವಲ್ಪ ತೊದಲುತ್ತಿತ್ತು, ಕಣ್ಣು ಕೆಂಪಗಿದ್ದವು, ಬಿಸಿಲಿಗಿರಬೇಕು ಅಂದುಕೊಂಡೆ. ನನ್ನ ಮಗ ಬಾಯಿ ಬಿಟ್ಟ ಅನ್ನುವ ಸಂತೋಷವೇ ನನಗೆ ದೊಡ್ಡದಾಗಿತ್ತು. ಅವನ ಮುಷ್ಟಿಯಲ್ಲಿ ಕರ್ಚೀಫಿತ್ತು. ಅದರಿಂದ ಬರುತ್ತಿದ್ದ ವಾಸನೆ, ಇಂಚರ, ನಿನ್ನ ಹತ್ತಿಯಿಂದ ಬಂತಲ್ಲ, ಅಂಥದ್ದೇ. ನಾನು ಬಟ್ಟೆಗಳನ್ನು ಮಡಿಸಿಕೊಂಡು ಖುಷಿಯಲ್ಲೇ ಕೆಳಗಿಳಿದೆ. ಅವತ್ತು ಅವನಿಗಿಷ್ಟ ಅಂತ ಚಿತ್ರಾನ್ನ ಮಾಡಿದೆ. ಅವನು ಮುಟ್ಟಲಿಲ್ಲ. ತಲೆನೋವು ಅಂತ ಮಲಗಿಬಿಟ್ಟ.

ಮಾರನೇ ಬೆಳಿಗ್ಗೆ ಗೌರಮ್ಮನವರು ಕೆಳಗೆ ಬಂದರು. ಬಾಡಿಗೆ ಕೇಳಲು ಬಿಟ್ಟರೆ ಇನ್ಯಾವುದಕ್ಕೂ ನಮ್ಮ ಮನೆಗೆ ಬಂದವರಲ್ಲ. ಬಂದವರೇ ನಾನು ಹರಡಿಕೊಂಡಿದ್ದ ಸೀರೆಯ ಪಕ್ಕ ನೆಲದ ಮೇಲೇ ಕೂತರು. ಹಿಂದಿನ ದಿನ ಸಂಜೆ ಮಹೇಶ ಆಟದ ಮೈದಾನದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದನಂತೆ, ಯಾರೋ ಆಸ್ಪತ್ರೆಗೆ ಸೇರಿಸಿ ಮನೆಗೆ ಹೇಳಿಕಳಿಸಿದರಂತೆ. ಜೀವಕ್ಕೇನೂ ಆಗಿಲ್ಲ. ಡಾಕ್ಟರು ಅವರನ್ನು ಪಕ್ಕಕ್ಕೆ ಕರೆದು, ಇವನು ವೈಟ್ನರ್ ಮೂಸ್ತಾನೆ, ಎಷ್ಟು ದಿನದಿಂದ ಅಂತ ಕೇಳಿದರಂತೆ. ಗೌರಮ್ಮನವರಿಗೆ ಅದೇನೆಂದೇ ಗೊತ್ತಿರಲಿಲ್ಲ. ಅದರಿಂದ ಮತ್ತೇರುತ್ತದೆ, ಮಿದುಳು ಹಾಳಾಗುತ್ತದೆ, ಎದೆ ನಿಂತು ಹುಡುಗರು ಸತ್ತಿರುವುದೂ ಉಂಟು ಅಂತ ಡಾಕ್ಟರು ಬಿಡಿಸಿ ಹೇಳಿದರಂತೆ.

"ಶಿವೂನೂ ಜೊತೇಲಿರ್ತಾನೆ ಅಂತ ಮಹೇಶ ಹೇಳ್ದ" ಅಂದರು. ಆಮೇಲೆ ಸೆರಗಿನ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನಾವು ಎಲ್ಲಾ ಕೊಟ್ವಿ ಕಣವ್ವ, ಎಲ್ಲಿಗೆ ಹೋಗ್ತೀಯ ಅಂತ ಒಂದಿನ ಕೇಳ್ಲಿಲ್ಲ. ನಿಮ್ಮನೇಲಿ ಕಟ್ಟುನಿಟ್ಟು ಅಂತ ನಾನು ಧೈರ್ಯವಾಗಿದ್ದೆ. ಶಿವು ಜೊತೆ ಇದ್ರೆ ನಮ್ಮೋನು ಕೆಡಲ್ಲ ಅಂತ" ಅಂದರು.

ಅವರು ಹೋದಮೇಲೆ ನಾನು ಎದ್ದು ಶಿವುವಿನ ಪುಸ್ತಕದ ಹತ್ತಿರ ಹೋದೆ. ನಾನೇ ತಂದಿಟ್ಟಿದ್ದ ಬಾಟ್ಲಿಗಳು ಅಲ್ಲೇ ಇದ್ದವು. ಬಿಳಿಯದು ತುಂಬಿತ್ತು. ನೀರಿನದು ಖಾಲಿ. ಅದನ್ನು ಹಿಡಿದುಕೊಂಡು ಮನೆಯೊಳಗೆ ಅತ್ತಿಂದಿತ್ತ ನಡೆದೆ. ಒಲೆ ಹಚ್ಚಿದೆ, ಆರಿಸಿದೆ. ಗೇಟಿಗೆ ಹೋದೆ, ಬಂದೆ. ಇದನ್ನು ಅವರಿಗೆ ಹೇಗೆ ದಾಟಿಸಲಿ? ಯಾವ ಕಲ್ಲು ಆರಿಸಿ ತೆಗೆಯಲಿ? ಎಲ್ಲವೂ ಕಲ್ಲೇ. ಹೇಳದೆ ಇದ್ದರೆ ನಾಳೆ ನನ್ನ ಮಗನೂ ಮೈದಾನದಲ್ಲಿ ಬಿದ್ದಿರುತ್ತಾನೆ. ಹೇಳಿದರೆ ಅವರು ಇನ್ನೇನು ಮಾಡುತ್ತಾರೆ, ಮಾತು ಬಿಡುವುದೇ? ಅದನ್ನಾಗಲೇ ಬಿಟ್ಟಿದ್ದರಲ್ಲ.

ಎರಡು ದಿನ ಅವನನ್ನು ಕಣ್ಣಳತೆಯಿಂದ ಆಚೆ ಬಿಡಲಿಲ್ಲ. ಗೌರಮ್ಮ ಬಂದು ಹೋದದ್ದು ಅವನಿಗೂ ಗೊತ್ತಾಗಿತ್ತು. ಮುಖ ತಪ್ಪಿಸುತ್ತಿದ್ದ. ಮೂರನೇ ದಿನ ನಿಮ್ಮ ತಾತನಿಗೆ ವಾರದ ರಜ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಇಬ್ಬರಿಗೂ ಎದುರುಬದುರು ತಟ್ಟೆ ಹಾಕಿ ಬಡಿಸಿದೆ. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಾಟ್ಲಿಗಳನ್ನು ತೆಗೆದು ಎರಡು ತಟ್ಟೆಯ ಮಧ್ಯ ಇಟ್ಟೆ.

"ಇನ್ಮೇಲೆ ನಾನು ಯಾರಿಗೂ ಏನೂ ಹೇಳಲ್ಲ" ಅಂದೆ. "ನೀವ್ ನೀವೇ ಮಾತಾಡ್ಕೊಳ್ಳಿ."

ಮದುವೆಯಾಗಿ ಅಷ್ಟು ವರ್ಷದಲ್ಲಿ ನಾನು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಹೇಳಿ ಹೊಸಿಲ ಮೇಲೆ ಹೋಗಿ ಬೆನ್ನು ಹಾಕಿ ಕೂತೆ.

ಹಿಂದೆ ಅವರ ಧ್ವನಿ ಕೇಳಿತು. "ಏನಂತೆ ಇದು? ಕೇಳು ಅವನ್ನ." ನನಗೇ ಹೇಳುತ್ತಿದ್ದರು. ನಾನು ತಿರುಗಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ, ನಿನಗೇ ಹೇಳ್ತಿರೋದು ಅಂದರು. ನಾನು ಅಂಗಳದಲ್ಲಿ ಒಣಗಿಹಾಕಿದ್ದ ಬಟ್ಟೆ ನೋಡುತ್ತಾ ಕೂತೆ. ಒಳಗೆ ಗಡಿಯಾರ ಹೊಡೆದುಕೊಳ್ಳುತ್ತಿತ್ತು. ಮುದ್ದೆ ಆರಿಹೋಗುತ್ತಿದೆ ಅಂತ ಒಂದು ಯೋಚನೆ ಬೇರೆ.

"ಏನೋ ಇದು?"

ಶಿವು ಹೇಳಿದ. ಏನು, ಎಂದಿನಿಂದ, ಯಾರ ಜೊತೆ. ಧ್ವನಿ ಬಾವಿಯಿಂದ ಬಂದ ಹಾಗಿತ್ತು. ಅವರು ಎದ್ದ ಸದ್ದಾಯಿತು, ತಟ್ಟೆ ಉರುಳಿತು. ಆಗ ತಿರುಗಿದೆ. ಅವರ ಕೈ ಮೇಲೆದ್ದಿತ್ತು. ನಾನು ನನ್ನ ಮಾವನವರನ್ನು ಕಂಡವಳಲ್ಲ, ಆದರೆ ಆ ಕೈ ಅವರದೇ ಅನ್ನಿಸಿತು. ಶಿವು ತಪ್ಪಿಸಿಕೊಳ್ಳಲಿಲ್ಲ, ಮುಖ ಎತ್ತಿಕೊಂಡೇ ಕೂತಿದ್ದ, ಹೊಡೆದರೆ ಹೊಡೀಲಿ, ಅಷ್ಟಾದರೂ ಆಗಲಿ ಅನ್ನುವ ಹಾಗೆ. ಅವರು ಆ ಮುಖ ನೋಡಿದರು. ಕೈ ಕೆಳಗಿಳಿಯಿತು. ಚೆಲ್ಲಿದ ಸಾರಿನ ಪಕ್ಕದಲ್ಲೇ ಕುಸಿದು ಕೂತರು. ಖಾಲಿ ಬಾಟ್ಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಮೂಗಿನ ಹತ್ತಿರ ಹಿಡಿದು, ಮುಖ ಕಿವುಚಿ, ದೂರ ಇಟ್ಟರು.

"ಏನ್ ಸಿಗುತ್ತೋ ಇದ್ರಲ್ಲಿ?" ಅಂದರು. ಬೈಯುವ ಹಾಗೆ ಅಲ್ಲ. ಗೊತ್ತಿಲ್ಲದವರು ಕೇಳುವ ಹಾಗೆ.

ಶಿವು, "ಹೊತ್ತು ಹೋಗುತ್ತೆ ಅಪ್ಪ" ಅಂದ.

ಅವರು ನೆಲಕ್ಕೆ ಬಿದ್ದಿದ್ದ ಮುದ್ದೆಯನ್ನು ತಟ್ಟೆಗೆ ಎತ್ತಿಹಾಕಿದರು, ಪಕ್ಕಕ್ಕೆ ಸರಿಸಿದರು, ಮತ್ತೆ ಹತ್ತಿರ ಎಳೆದುಕೊಂಡರು. ಕಣ್ಣು ತುಂಬಿದ್ದವು. ನಾನು ಹೊಸಿಲಿನಿಂದ ಏಳಲಿಲ್ಲ.

ಅವತ್ತಿಗೇ ಎಲ್ಲ ಸರಿಹೋಯಿತು ಅಂತ ನಿಮಗೆ ಅನ್ನಿಸಬಾರದು. ದೊಡ್ಡಾಸ್ಪತ್ರೆಯಲ್ಲಿ ಇಂಥದ್ದನ್ನೇ ನೋಡುವ ಲೇಡಿ ಡಾಕ್ಟರೊಬ್ಬರ ಹತ್ತಿರ ನಿಮ್ಮ ತಾತ ಅವನನ್ನು ಕರೆದುಕೊಂಡು ಹೋದರು. ರಜ ಹಾಕಿ, ಕ್ಯೂ ನಿಂತು, ವಾರ ವಾರವೂ. ಮೊದಲ ಸಲ ನಾನೂ ಹೋಗಿದ್ದೆ. ಇನ್ನು ಮೇಲೆ ಅವನ ಜೇಬು, ಬ್ಯಾಗು ಎಲ್ಲ ತಪಾಸಣೆ ಮಾಡ್ತೀನಿ ಮೇಡಂ ಅಂತ ಇವರು ಹೇಳಿದಾಗ ಆಕೆ ಅಂದದ್ದು ನನಗೆ ಬಾಯಿಪಾಠವಾಗಿದೆ. "ಇವನು ಎಲ್ಲಿದಾನೆ, ಯಾರ ಜೊತೆ ಇದಾನೆ ಅಂತ ನಿಮಗೆ ಗೊತ್ತಿರ್ಲೇಬೇಕು. ಆದ್ರೆ ಅದನ್ನ ಇವನ ಬಾಯಿಂದ ತಿಳ್ಕೊಳ್ಳಿ, ಜೇಬಿಂದ ಅಲ್ಲ. ನಿಮಗೆ ಹೇಳ್ಬೋದು ಅಂತ ಇವನಿಗೆ ಅನ್ನಿಸ್ಬೇಕು."

ಕೇಳುವುದು ಹೇಗೆ ಅಂತ ನಿಮ್ಮ ತಾತನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ರೀತಿ. ಹುಡುಗ ಚಪ್ಪಲಿ ಮೆಟ್ಟುತ್ತಿದ್ದ ಹಾಗೇ, "ಎಲ್ಲಿಗೆ?" ಅನ್ನುತ್ತಿದ್ದರು, ಬಸ್ಸಿನಲ್ಲಿ ಟಿಕೆಟ್ ಹರಿಯುವ ಧ್ವನಿಯಲ್ಲಿ. ಶಿವು ಮೊದಮೊದಲು ಗೊಣಗಿದ. ಒಂದು ದಿನ ತಲೆ ಕೆಟ್ಟು, "ವಿಜಯನಗರ ಒಂದು ಕೊಡಿ ಸಾರ್" ಅಂದ. ಅವರು ಅದೇ ಧ್ವನಿಯಲ್ಲಿ, "ರಿಟರ್ನ್ ಎಷ್ಟೊತ್ತಿಗೆ?" ಅಂದರು. "ಎಂಟಕ್ಕೆ." "ಚಿಲ್ಲರೆ ಇಲ್ಲ, ಎಂಟೂವರೆ ಮಾಡ್ಬೇಡ." ಅದು ಅವರಿಬ್ಬರ ಮಾತಾಯಿತು. ಹೇಳಿದ ಹೊತ್ತಿಗೆ ಬರದೇ ಇದ್ದರೆ ಮರುದಿನ ಹೊರಗೆ ಹೋಗುವಂತಿಲ್ಲ, ಅದರಲ್ಲಿ ಅವರು ಬಿಗಿ. ಆದರೆ ಬಿಗಿ ಮಾಡಿದ ದಿನವೂ ಮಾತು ಬಿಡಲಿಲ್ಲ. ಸಾಯಂಕಾಲ ಮನೆಯಲ್ಲಿರಬೇಕು ಅಂತ ಬೆಳಗಿನ ಶಿಫ್ಟಿಗೆ ಬದಲಾಯಿಸಿಕೊಂಡರು. ಅದಕ್ಕೆ ಡಿಪೋದಲ್ಲಿ ಯಾರ ಯಾರ ಕಾಲು ಹಿಡಿದರೋ ನನಗೆ ಹೇಳಲಿಲ್ಲ.

ನಡುವೆ ಎರಡು ಸಲ ಅವನ ಕರ್ಚೀಫಿನಿಂದ ಮತ್ತೆ ಆ ವಾಸನೆ ಬಂತು. ಮೊದಲ ಸಲ ನಾನು ಕಂಡುಹಿಡಿದೆ. ಎರಡನೇ ಸಲ, ಸಂಕ್ರಾಂತಿಯ ಹಿಂದಿನ ದಿನ, ಅವನೇ ಅಪ್ಪನ ಮುಂದೆ ಬಂದು ನಿಂತು ಹೇಳಿದ. ಅವರು ಎಳ್ಳು ಬೀರಲು ಬೆಲ್ಲ ಹೆಚ್ಚುತ್ತಿದ್ದರು. ಕತ್ತಿ ಕೆಳಗಿಟ್ಟು, ಕೂತ್ಕೋ ಅಂದರು. ಎಷ್ಟೋ ಹೊತ್ತು ಇಬ್ಬರೂ ಗುಸುಗುಸು ಮಾತಾಡುತ್ತಿದ್ದರು. ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೆ ಇದ್ದದ್ದೇ ನನಗೆ ಹಬ್ಬ.

ಮಹೇಶನ ವಿಷಯ ಬೇರೆಯಾಯಿತು. ಅದುವರೆಗೆ ಏನೂ ಕೇಳದಿದ್ದ ಅವರಪ್ಪ ಒಂದೇ ದಿನದಲ್ಲಿ ಬೈಕು ಮಾರಿ, ಹುಡುಗನನ್ನು ಮಹಡಿ ಕೋಣೆಗೆ ಹಾಕಿ ಬೀಗ ಹಾಕಿದರು. ಅವನು ಬಾಗಿಲು ಬಡಿಯುವ ಸದ್ದು ನಮ್ಮ ತಲೆಯ ಮೇಲೇ ಕೇಳುತ್ತಿತ್ತು. ಒಂದು ದಿನ ಕಿಟಕಿಯಿಂದಿಳಿದು ಹೋದವನು ಮನೆಗೆ ಮತ್ತೆ ಸರಿಯಾಗಿ ಬಂದು ನೆಲೆಸಲು ಬಹಳ ವರ್ಷ ಬೇಕಾಯಿತು. ಗೌರಮ್ಮನವರು ಈಗಲೂ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ. ನಮ್ಮದೇನು ಜಾಣತನ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಸ್ವಲ್ಪದರಲ್ಲಿ ಆಚೆ ಈಚೆ ಆಗುತ್ತಿತ್ತು.

ಇನ್ನು ಸೋಮವಾರ ರಾತ್ರಿಯ ವಿಷಯ. ಊಟಕ್ಕೆ ಕೂತಿದ್ದೆವು. ನಿಮ್ಮಪ್ಪ ಮತ್ತೆ, "ಅವನಿಗೆ ಹೇಳು" ಅಂತ ಶುರುಮಾಡಿದ. ನಾನು ಎದ್ದೆ. ಬಾ ಕಾವ್ಯ, ಒಳಗೆ ಸ್ವಲ್ಪ ಕೆಲಸ ಇದೆ ಅಂತ ನಿಮ್ಮಮ್ಮನ ಎಂಜಲು ಕೈ ಹಿಡಿದೇ ಅಡುಗೆಮನೆಗೆ ಕರೆದುಕೊಂಡು ಹೋದೆ. ಇಂಚರ, ನೀನೂ ಹಿಂದೆ ಬಂದು, ಏನು ಕೆಲಸ ಅಂತ ಕೇಳಿದೆ. ಏನೂ ಇರಲಿಲ್ಲ. ಮೂವರೂ ಸಿಂಕಿನ ಮುಂದೆ ಸುಮ್ಮನೆ ನಿಂತೆವು. ಹೊರಗೆ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ನಿಮ್ಮಮ್ಮ ಹೋಗಲು ನೋಡಿದಳು, ನಾನು ಕೈ ಬಿಡಲಿಲ್ಲ. ಬಗ್ಗಿ ನೋಡಿದೆ. ನಿಮ್ಮಪ್ಪ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದ. ನನ್ನನ್ನು ಕಂಡ. ಆ ಹೊಸಿಲು ಅವನಿಗೆ ನೆನಪಾಯಿತೋ ಏನೋ, ತಲೆ ತಗ್ಗಿಸಿದ. ಆಮೇಲೆ ಚಿರು, ನಿನ್ನ ಮುಂದೆ ಎಡಗೈ ಚಾಚಿ, ನಿಮ್ಮ ತಾತನದೇ ಧ್ವನಿಯಲ್ಲಿ, "ಪಾಸ್ ತೋರ್ಸಿ" ಅಂದ.

ನೀನು ಫೋನಿನಿಂದ ತಲೆ ಎತ್ತಿ, "ಯಾವ ಪಾಸು?" ಅಂದೆ. ಅವನು ನಕ್ಕು, ಅದು ಆಮೇಲೆ, ಮೊದಲು ಟ್ಯೂಷನ್ ದಿನ ಎಲ್ಲಿಗೆ ಹೋಗಿದ್ದೆ ಹೇಳು ಅಂದ. ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ. ನಾನು ನಲ್ಲಿ ಬಿಟ್ಟು ಪಾತ್ರೆ ತೊಳೆಯಲು ನಿಂತೆ.

ಮಲಗುವ ಮುಂಚೆ ನೀನು ಬಂದು ನನ್ನನ್ನೂ ಕೇಳಿದೆ, ಯಾವ ಪಾಸು ಅಜ್ಜಿ ಅಂತ. ಆ ಪಾಸು ಇದು ಕಣೋ.